ಕಡಲಾಚೆಯ ಇಡ್ಲಿ: ಒಂದು ಬೆಳಗಿನ ತಿಂಡಿಯ ಚರಿತ್ರೆ

ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ಅರಸರು, ಯುದ್ಧಗಳು, ಒಪ್ಪಂದಗಳು ಮತ್ತು ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಇಸವಿಗಳು. ಆದರೆ ನಿಮ್ಮ ಅಡುಗೆಮನೆಯ ಮೂಲೆಯಲ್ಲಿ ರಾತ್ರಿ ಮುಚ್ಚಿಟ್ಟ ಇಡ್ಲಿ ಹಿಟ್ಟಿನ ಪಾತ್ರೆಗೂ ಒಂದು ಚರಿತ್ರೆಯಿದೆ. ಊರಿನಲ್ಲಿರುವಷ್ಟು ದಿನ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸಂಜೆ ರುಬ್ಬಿದ್ದು ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತದೆ. ಉಬ್ಬುವುದು ಅದರ ಸ್ವಭಾವ ಎಂದು ನಾವು ಸುಮ್ಮನಿರುತ್ತೇವೆ. ಅದೇ ಹಿಟ್ಟನ್ನು ಚಳಿಗಾಲದ ಲಂಡನ್ನಿನಲ್ಲೋ ಷಿಕಾಗೋದಲ್ಲೋ ಕಲಸಿಟ್ಟು ನೋಡಿ. ಬೆಳಿಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಇಟ್ಟ ಹಾಗೆಯೇ ಕೂತಿರುತ್ತದೆ. ಹಾಗೆ ಉಬ್ಬದೆ ಕೂತ ಹಿಟ್ಟು ನಮ್ಮನ್ನು ಒಂದು ಪ್ರಶ್ನೆ ಕೇಳುವಂತೆ ಮಾಡುತ್ತದೆ: ಊರಿನಲ್ಲಿ ಅದು ಉಬ್ಬುತ್ತಿದ್ದುದಾದರೂ ಏಕೆ?

ಒಂದು ಇಡ್ಲಿ ತಟ್ಟೆಗೆ ಬರಬೇಕಾದರೆ ನಾಲ್ಕು ಸಂಗತಿಗಳು ಕೂಡಿಬರಬೇಕು. ಮೊದಲನೆಯದು ಧಾನ್ಯ, ಎರಡನೆಯದು ಅದನ್ನು ರುಬ್ಬುವ ಸಾಧನ, ಮೂರನೆಯದು ಹದವಾದ ಶಾಖ, ನಾಲ್ಕನೆಯದು ಇವುಗಳನ್ನೆಲ್ಲ ಕೂಡಿಸುವ ತಿಳಿವಳಿಕೆ. ಪರದೇಶಕ್ಕೆ ಹೋದ ನಮ್ಮವರಿಗೆ ಈ ನಾಲ್ಕೂ ಒಟ್ಟಿಗೆ ಸಿಕ್ಕಲಿಲ್ಲ. ಒಂದೊಂದೂ ಒಂದೊಂದು ಕಾಲದಲ್ಲಿ, ಒಂದೊಂದು ದಾರಿ ಹಿಡಿದು ಕಡಲು ದಾಟಿತು. ಆ ದಾರಿಗಳಲ್ಲಿ ವಲಸೆಯ ಕಾನೂನುಗಳಿವೆ, ಮಹಾಯುದ್ಧಗಳಿವೆ, ಯಂತ್ರಗಳಿವೆ, ಅಮ್ಮಂದಿರು ಬರೆದ ಕಾಗದಗಳೂ ಇವೆ.

ತವರಿನಲ್ಲೇ ಬದಲಾದ ತಿಂಡಿ

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡೋಣ. ಸಾಂಪ್ರದಾಯಿಕ ತಿಂಡಿ ಎಂದರೆ ಎಂದೆಂದೂ ಬದಲಾಗದ ತಿಂಡಿ ಎಂದು ನಾವು ತಿಳಿಯುತ್ತೇವೆ. ಕನ್ನಡ ಗ್ರಂಥಗಳೇ ಈ ಮಾತನ್ನು ಒಪ್ಪುವುದಿಲ್ಲ. ಸುಮಾರು 10ನೆಯ ಶತಮಾನದ ಶಿವಕೋಟ್ಯಾಚಾರ್ಯರ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಎಂಬ ಹೆಸರು ಬರುತ್ತದೆ. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ ಅದನ್ನು ಮಾಡುವ ವಿಧಾನ ಸಿಗುತ್ತದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿ ಮತ್ತು ಮಸಾಲೆಯ ಸಾಮಾನುಗಳನ್ನು ಬೆರೆಸಬೇಕು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿಯೂ ಇದೇ ಬಗೆಯ ತಿಂಡಿಯ ವರ್ಣನೆ ಇದೆ.

ಆಹಾರ ಚರಿತ್ರಕಾರ ಕೆ. ಟಿ. ಅಚಯ ಅವರು ಇಲ್ಲಿ ಒಂದು ಮುಖ್ಯ ಅಂಶವನ್ನು ಎತ್ತಿ ತೋರಿಸಿದರು. ಈ ಹಳೆಯ ವರ್ಣನೆಗಳಲ್ಲಿ ಉದ್ದು ಇದೆ, ಅಕ್ಕಿ ಇಲ್ಲ. ಅಕ್ಕಿ ಉದ್ದು ಬೆರೆಸಿ ರಾತ್ರಿಯಿಡೀ ಹುದುಗು ಬರಿಸುವ ಮಾತೂ ಇಲ್ಲ. ಅಂದರೆ ಇಂದು ನಾವು ‘ಅಜ್ಜಿಯ ಕಾಲದ್ದು’ ಎನ್ನುವ ಇಡ್ಲಿ, ಆ ಅಜ್ಜಿಯ ಅಜ್ಜಿಯಂದಿರ ಕಾಲದಲ್ಲಿ ಬೇರೆಯೇ ರೂಪದಲ್ಲಿತ್ತು. ಚಟ್ನಿಗೆ ಹಾಕುವ ಮೆಣಸಿನಕಾಯಿ, ಮಸಾಲೆ ದೋಸೆಯೊಳಗಿನ ಆಲೂಗಡ್ಡೆ ಇವೆರಡೂ ಅಮೆರಿಕಾ ಖಂಡಗಳಲ್ಲಿ ಹುಟ್ಟಿ, ಪೋರ್ಚುಗೀಸರು ಬಂದ ಮೇಲೆ ನಮ್ಮ ನಾಡನ್ನು ಸೇರಿದವು. ನಮ್ಮ ರಾಗಿಯ ಮೂಲವೂ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳಲ್ಲಿದೆ. ಸಾವಿರಾರು ವರ್ಷಗಳ ಹಿಂದೆ ಅದು ಇಲ್ಲಿಗೆ ಬಂದು ನಮ್ಮದೇ ಆಯಿತು. ಇಂದಿಗೂ ಕೆನ್ಯಾದಲ್ಲಿ ರಾಗಿಗೆ ‘ವಿಂಬಿ’ ಎನ್ನುತ್ತಾರೆ. ಅದರ ಹಿಟ್ಟಿನಿಂದ ಬೆಳಗಿನ ಹೊತ್ತು ‘ಉಜಿ’ ಎಂಬ ಗಂಜಿ ಕಾಯಿಸಿ ಕುಡಿಯುತ್ತಾರೆ. ಮಂಡ್ಯದಿಂದ ನೈರೋಬಿಗೆ ಹೋದವರು ರಾಗಿ ಹಿಟ್ಟನ್ನು ಕಟ್ಟಿಕೊಂಡು ಹೋಗಬೇಕಾಗಿಲ್ಲ. ಅವರು ರಾಗಿಯ ತವರಿನ ಕಡೆಗೇ ಹೋಗಿರುತ್ತಾರೆ.

ಹೀಗೆ ತಿಂಡಿಗಳು ಸದಾ ಪ್ರಯಾಣದಲ್ಲಿವೆ. ಈಗ ಅವು ನಮ್ಮ ನಾಡಿನಿಂದ ಹೊರಟ ಬಗೆಯನ್ನು ನೋಡೋಣ.

ಒಂಟಿ ವಿದ್ಯಾರ್ಥಿಗಳ ಕಾಲ

1888ರಲ್ಲಿ ಹತ್ತೊಂಬತ್ತು ತುಂಬುವ ಹೊತ್ತಿಗೆ ಮೋಹನದಾಸ ಗಾಂಧಿಯವರು ವಕೀಲಿ ವಿದ್ಯೆಗೆಂದು ಲಂಡನ್ನಿಗೆ ಹೋದರು. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಆ ದಿನಗಳ ಹಸಿವನ್ನು ಅವರು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಬೆಳಗಿನ ಓಟ್ಸ್ ಗಂಜಿ ಹೇಗೋ ಹೊಟ್ಟೆ ತುಂಬಿಸುತ್ತಿತ್ತು. ಮಧ್ಯಾಹ್ನ, ರಾತ್ರಿ ಮಾತ್ರ ಉಪವಾಸವೇ. ಮುಂದೆ ಫಾರಿಂಗ್‌ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲು ಕಂಡಾಗ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆಮೇಲೆ ಖರ್ಚು ಉಳಿಸಲು ಒಂದೇ ಕೋಣೆಯ ಬಿಡಾರ ಹಿಡಿದು, ಒಂದು ಸ್ಟೌ ಕೊಂಡು, ಬೆಳಗಿನ ತಿಂಡಿಯನ್ನು ತಾವೇ ಬೇಯಿಸತೊಡಗಿದರು. ಆ ತಿಂಡಿ ಓಟ್ಸ್ ಗಂಜಿ ಮತ್ತು ಕೋಕೋ. ಮನೆಯಿಂದ ತರಿಸಿಕೊಂಡಿದ್ದ ಸಿಹಿತಿಂಡಿ ಮತ್ತು ಮಸಾಲೆಗಳನ್ನು ಬರಬರುತ್ತ ಬಿಟ್ಟೇಬಿಟ್ಟರು. ಅವರು ಆರಿಸಿಕೊಂಡ ದಾರಿ ಇದು: ಊರಿನ ರುಚಿಯನ್ನು ಬಿಟ್ಟು, ಸಿಕ್ಕಿದ್ದರಲ್ಲಿ ತನ್ನ ನೇಮಕ್ಕೆ ಒಗ್ಗುವುದನ್ನು ಹಿಡಿಯುವುದು.

ಇಪ್ಪತ್ತಾರು ವರ್ಷಗಳ ಮೇಲೆ, 1914ರ ಏಪ್ರಿಲ್‌ನಲ್ಲಿ, ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಇಂಗ್ಲೆಂಡಿಗೆ ಹೋಗಿಳಿದರು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಸಸ್ಯಾಹಾರಕ್ಕೆ ಬೇರೆ ಪಾತ್ರೆ, ಬೇರೆ ಒಲೆ ಎಲ್ಲಿಂದ ಬರಬೇಕು? ಅವರು ತಮ್ಮ ಕೋಣೆಯಲ್ಲೇ ಅಡುಗೆ ಮಾಡಿಕೊಂಡರು. ಮುಂದೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಾಲನೋಬಿಸ್ ಆಗ ಕೇಂಬ್ರಿಜ್‌ನಲ್ಲೇ ವಿದ್ಯಾರ್ಥಿ. ಅವರು ಹೇಳಿದ ಒಂದು ಪ್ರಸಂಗ ಹೆಸರುವಾಸಿಯಾಗಿದೆ. ಪತ್ರಿಕೆಯೊಂದರಲ್ಲಿ ಬಂದ ಒಗಟನ್ನು ಅವರು ಓದಿ ಹೇಳಿದಾಗ, ಬಾಣಲೆಯಲ್ಲಿ ತರಕಾರಿ ಕೈಯಾಡಿಸುತ್ತಿದ್ದ ರಾಮಾನುಜನ್ ನಿಂತ ನಿಲುವಿನಲ್ಲೇ ಉತ್ತರ ಹೇಳಿದರಂತೆ. ಆ ಒಂದು ಉತ್ತರವಷ್ಟೇ ಅಲ್ಲ, ಆ ಬಗೆಯ ಲೆಕ್ಕಗಳಿಗೆಲ್ಲ ಅನ್ವಯಿಸುವ ಸೂತ್ರವನ್ನೇ ಕೊಟ್ಟರಂತೆ.

ನಾವು ಈ ಪ್ರಸಂಗವನ್ನು ಗಣಿತದ ಅದ್ಭುತಕ್ಕಾಗಿ ನೆನೆಯುತ್ತೇವೆ. ಆ ಬಾಣಲೆಯನ್ನೂ ನೆನೆಯಬೇಕು. ಅದೇ 1914ರ ಜುಲೈ ಕೊನೆಯಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಸಾಮಾನು ಸಿಗುವುದು ಕಷ್ಟವಾಯಿತು. ಲೆಕ್ಕದಲ್ಲಿ ಮುಳುಗಿದಾಗ ಹೊತ್ತಿಗೆ ಸರಿಯಾಗಿ ಬೇಯಿಸಿ ಉಣ್ಣುವುದೂ ತಪ್ಪಿತು. 1917ರಲ್ಲಿ ಕಾಯಿಲೆ ಬಿದ್ದ ಅವರು 1919ರಲ್ಲಿ ಊರಿಗೆ ಮರಳಿ, 1920ರಲ್ಲಿ ಮೂವತ್ತೆರಡನೆಯ ವಯಸ್ಸಿನಲ್ಲೇ ತೀರಿಕೊಂಡರು. ಕಾಯಿಲೆಗೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೂ ಒಗ್ಗುವ ಆಹಾರದ ಕೊರತೆ ಅವರ ಶರೀರವನ್ನು ಸೊರಗಿಸಿತೆಂದು ಜೀವನಚರಿತ್ರಕಾರರು ಬರೆದಿದ್ದಾರೆ. ಪರದೇಶದಲ್ಲಿ ಊರಿನ ತಿಂಡಿಗೆ ಹಂಬಲಿಸುವುದು ನಾಲಗೆಯ ಚಪಲ ಎಂದು ನಗುವವರು ಈ ಜೀವನವನ್ನು ಒಮ್ಮೆ ಓದಬೇಕು.

ಬಿಸಿಲ ನಾಡುಗಳಿಗೆ ಹೋದವರು

ಇದೇ ಕಾಲಕ್ಕೆ ಇನ್ನೊಂದು ಬಗೆಯ ವಲಸೆಯೂ ನಡೆಯುತ್ತಿತ್ತು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾದ ಮೇಲೆ, 1834ರಿಂದ ಮಾರಿಷಸ್‌ಗೆ, 1860ರಿಂದ ದಕ್ಷಿಣ ಆಫ್ರಿಕಾದ ನಟಾಲ್‌ಗೆ ಭಾರತದ ಕೂಲಿಗಳನ್ನು ಕರಾರಿನ ಮೇಲೆ ಹಡಗಿನಲ್ಲಿ ಸಾಗಿಸಿದರು. ಮಲಯದ ರಬ್ಬರ್ ತೋಟಗಳಿಗೆ, ಸಿಂಹಳದ ಚಹಾ ತೋಟಗಳಿಗೆ ತಮಿಳು ನಾಡಿನಿಂದ ಜನ ಹೋದರು. ಅವರ ಬಾಳು ವಿದ್ಯಾರ್ಥಿಗಳ ಬಾಳಿಗಿಂತ ಎಷ್ಟೋ ಕಠಿಣವಾಗಿತ್ತು. ಆದರೆ ಬೆಳಗಿನ ತಿಂಡಿಯ ಮಟ್ಟಿಗೆ ಎರಡು ಅನುಕೂಲಗಳಿದ್ದವು. ಅವರು ಒಂಟಿಯಾಗಿ ಹೋಗಲಿಲ್ಲ, ಗುಂಪಾಗಿ ಹೋದರು; ಗುಂಪು ಹೋದಲ್ಲಿಗೆ ಅಂಗಡಿಯೂ ಹೋಗುತ್ತದೆ. ಎರಡನೆಯದಾಗಿ ಮಲಯ, ಸಿಂಹಳಗಳು ಬಿಸಿಲಿನ ನಾಡುಗಳು. ಹಿಟ್ಟು ಅಲ್ಲಿ ಚೆನ್ನೈಯಲ್ಲಿ ಉಬ್ಬಿದಂತೆಯೇ ಉಬ್ಬಿತು.

ಆದ್ದರಿಂದಲೇ ಶ್ರೀಲಂಕಾ, ಮಲೇಷಿಯಾ, ಸಿಂಗಪುರಗಳಲ್ಲಿ ‘ತೋಸೈ’ ಎಂಬ ಹೆಸರಿನಿಂದ ದೋಸೆ ಊರಿನ ತಿಂಡಿಯೇ ಆಗಿಹೋಯಿತು. ಸಿಂಗಪುರದ ಸೆರಂಗೂನ್ ರಸ್ತೆಯಲ್ಲಿ 1947ರಲ್ಲಿ ಆರಂಭವಾದ ಕೋಮಲ ವಿಲಾಸ್ ಇಂದಿಗೂ ನಡೆಯುತ್ತಿದೆ. ಅಲ್ಲಿ ದೋಸೆ ತಿನ್ನುವವರಲ್ಲಿ ಚೀನೀಯರೂ ಮಲಯರೂ ಇರುತ್ತಾರೆ. ಬಿಸಿಲ ನಾಡಿನಲ್ಲಿ ತಿಂಡಿ ಬೇರು ಬಿಟ್ಟಿತು. ಶೀತ ನಾಡಿನಲ್ಲಿ ಅದು ಬಹುಕಾಲ ಕುಂಡದ ಗಿಡದಂತೆ ಉಳಿಯಿತು.

ಬಿಸಿಲ ನಾಡುಗಳಲ್ಲಿಯೂ ಎಲ್ಲವೂ ಸುಗಮವಾಗಿರಲಿಲ್ಲ. ಆಗ ಈ ಭಾಗಕ್ಕೆಲ್ಲ ಅಕ್ಕಿ ಬರುತ್ತಿದ್ದುದು ಬಹುಮಟ್ಟಿಗೆ ಬರ್ಮಾದಿಂದ. 1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದಾಗ ಆ ಅಕ್ಕಿ ನಿಂತಿತು. ಅದರ ಬಿಸಿ ನಮ್ಮ ಬೆಂಗಳೂರಿಗೂ ತಟ್ಟಿತು. ಅಕ್ಕಿಯಿಲ್ಲದೆ ಇಡ್ಲಿ ಮಾಡುವುದು ಹೇಗೆಂದು ಯೋಚಿಸಿ, ಗೋಧಿಯ ರವೆಯಲ್ಲಿ ಮೊದಲು ಇಡ್ಲಿ ಬೇಯಿಸಿದವರು ತಾವೇ ಎಂದು 1924ರಲ್ಲಿ ಸ್ಥಾಪನೆಯಾದ ಎಂ.ಟಿ.ಆರ್. ಹೋಟೆಲಿನವರು ಹೇಳುತ್ತ ಬಂದಿದ್ದಾರೆ. ಇಂದು ನಾವು ಇಷ್ಟಪಟ್ಟು ತಿನ್ನುವ ರವೆ ಇಡ್ಲಿ ಹೀಗೆ ಯುದ್ಧಕಾಲದ ಬದಲಿ ತಿಂಡಿ. ಈ ‘ಬದಲಿ’ ಎಂಬ ಮಾತನ್ನು ನೆನಪಿಡಿ. ಮುಂದಿನ ಕಥೆಯೆಲ್ಲ ಬದಲಿಗಳದ್ದೇ.

1965ರ ಕಾನೂನು ಮತ್ತು ಬದಲಿ ಸಾಮಾನು

ಅಮೆರಿಕಾ ಸಂಯುಕ್ತ ಸಂಸ್ಥಾನವು 1917ರ ಕಾನೂನಿನಿಂದ ಭಾರತೀಯರ ವಲಸೆಗೆ ಬಾಗಿಲು ಮುಚ್ಚಿತ್ತು. 1946ರಲ್ಲಿ ವರ್ಷಕ್ಕೆ ನೂರು ಮಂದಿಗೆ ಮಾತ್ರ ಅವಕಾಶ ಕೊಟ್ಟಿತು. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಮಾಡಿದ ಹೊಸ ವಲಸೆ ಕಾನೂನು ಈ ಲೆಕ್ಕವನ್ನು ಬದಲಿಸಿತು. ವೈದ್ಯರು, ಇಂಜಿನಿಯರರು, ವಿಜ್ಞಾನಿಗಳು ಹೊರಟರು. ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಓದಿದವರೂ ಅವರಲ್ಲಿ ಇದ್ದರು. ವಿದೇಶಿ ವಿನಿಮಯದ ನಿಯಮಗಳು ಬಿಗಿಯಾಗಿದ್ದ ಕಾಲ ಅದು. ಜೇಬಿನಲ್ಲಿ ಕೆಲವೇ ಡಾಲರುಗಳು. ಪೆಟ್ಟಿಗೆಯಲ್ಲಿ ಸೀರೆಯ ಮಡಿಕೆಗಳ ನಡುವೆ ಚಟ್ನಿಪುಡಿಯ ಡಬ್ಬಿ ಮತ್ತು ಇಡ್ಲಿ ತಟ್ಟೆಯ ಸ್ಟ್ಯಾಂಡು.

ತಟ್ಟೆಯೇನೋ ಬಂತು, ಅದಕ್ಕೆ ಹುಯ್ಯುವ ಹಿಟ್ಟು? ಅಲ್ಲಿಯ ಅಂಗಡಿಗಳ ಕಪಾಟುಗಳನ್ನು ಹುಡುಕುವುದೇ ಒಂದು ಸಂಶೋಧನೆಯಾಯಿತು. ನಮ್ಮ ಹೆಂಗಸರು ಕಂಡುಕೊಂಡ ಬದಲಿಗಳು ಒಂದೊಂದೂ ರಸವತ್ತಾಗಿವೆ. ಅಮೆರಿಕನ್ನರು ಹಾಲಿನಲ್ಲಿ ಗಂಜಿ ಕಾಯಿಸುವ ‘ಕ್ರೀಮ್ ಆಫ್ ವೀಟ್’ ಎಂಬ ಪೊಟ್ಟಣ 1893ರಿಂದಲೂ ಮಾರಾಟದಲ್ಲಿತ್ತು. ಬಿಡಿಸಿ ನೋಡಿದರೆ ಅದು ಗೋಧಿಯ ರವೆಯೇ! ಹುರಿದು ಒಗ್ಗರಣೆ ಕೊಟ್ಟರೆ ಉಪ್ಪಿಟ್ಟು, ಮೊಸರಿನಲ್ಲಿ ಕಲಸಿ ಬೇಯಿಸಿದರೆ ರವೆ ಇಡ್ಲಿ. ಇಂಗ್ಲೆಂಡಿನಲ್ಲಿ ಸಿಹಿ ಪಾಯಸಕ್ಕೆಂದು ಮಾರುತ್ತಿದ್ದ ಅಕ್ಕಿಯ ಪುಡಿ ಇಡ್ಲಿಗೂ ದೋಸೆಗೂ ಒದಗಿತು. ಅಕ್ಕಿಯ ಅರಳಿನಂಥ ‘ರೈಸ್ ಕ್ರಿಸ್ಪೀಸ್’ ಎಂಬ ತಿಂಡಿ ಮಂಡಕ್ಕಿಯ ಜಾಗದಲ್ಲಿ ಕೂತು ಒಗ್ಗರಣೆ ಹಾಕಿಸಿಕೊಂಡಿತು.

ಇವೆಲ್ಲಕ್ಕಿಂತ ಸ್ವಾರಸ್ಯವಾದುದು ಅಕ್ಕಿಯ ಕಥೆ. ಇಡ್ಲಿಗೆ ಕುಸುಬಲಕ್ಕಿ ಚೆನ್ನ. ಕರಾವಳಿಯಲ್ಲಿ ಅದನ್ನು ಕುಚ್ಚಲಕ್ಕಿ ಎನ್ನುತ್ತಾರೆ. ಭತ್ತವನ್ನು ಸಿಪ್ಪೆಯೊಡನೆ ನೆನೆಸಿ, ಬೇಯಿಸಿ, ಒಣಗಿಸಿ ಅಕ್ಕಿ ಮಾಡುವುದು ನಮ್ಮಲ್ಲಿ ತಲೆಮಾರುಗಳಿಂದ ಬಂದ ವಿಧಾನ. ಇದೇ ತತ್ತ್ವವನ್ನು ಯಂತ್ರಕ್ಕೆ ಅಳವಡಿಸಿದ ಎರಿಕ್ ಹುಜೆನ್‌ಲೌಬ್ ಎಂಬ ರಸಾಯನ ತಜ್ಞನ ವಿಧಾನದಿಂದ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕಾದ ಸೈನ್ಯಕ್ಕೆ ಅಕ್ಕಿ ತಯಾರಾಯಿತು. ಯುದ್ಧದ ನಂತರ ಅದು ‘ಅಂಕಲ್ ಬೆನ್ಸ್’ ಎಂಬ ಹೆಸರಿನಲ್ಲಿ ಅಂಗಡಿಗಳಿಗೆ ಬಂತು; 2021ರಿಂದ ಆ ಹೆಸರು ‘ಬೆನ್ಸ್ ಒರಿಜಿನಲ್’ ಎಂದಾಗಿದೆ. ಭಾರತದಿಂದ ಹೋದ ಗೃಹಿಣಿಯರು ಅದನ್ನು ನೆನೆಸಿ ರುಬ್ಬಿ ನೋಡಿದರು. ಇಡ್ಲಿ ಮೆತ್ತಗಾಯಿತು. ನಮ್ಮ ವಿದ್ಯೆಯೇ ಯಂತ್ರದ ವೇಷ ಹಾಕಿಕೊಂಡು ಅಮೆರಿಕಾದ ಕಪಾಟಿನಲ್ಲಿ ಅವರಿಗಾಗಿ ಕಾದಿತ್ತು.

ಬದಲಿಯೇ ಸಿಗದೆ ಹೋದದ್ದು ಉದ್ದಿನ ಬೇಳೆಗೆ. ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ 1944ರಲ್ಲಿ ಒಬ್ಬ ಆರ್ಮೇನಿಯದ ವರ್ತಕ ತೆರೆದ ‘ಕಲೂಸ್ತಿಯನ್ಸ್’ ಎಂಬ ಅಂಗಡಿ, ಬೇಳೆಕಾಳು ಮಸಾಲೆಗಳನ್ನು ಹುಡುಕಿ ಹೊರಟ ಭಾರತೀಯರಿಗೆ ತೀರ್ಥಕ್ಷೇತ್ರದಂತಾಯಿತು. 1972ರಲ್ಲಿ ಉಗಾಂಡಾದ ಇದಿ ಅಮೀನ್ ಏಷ್ಯದ ಜನರನ್ನು ದೇಶದಿಂದ ಹೊರದೂಡಿದಾಗ 27,000ಕ್ಕೂ ಹೆಚ್ಚು ಮಂದಿ ಬ್ರಿಟನ್ನಿಗೆ ಬಂದರು. ಅವರಲ್ಲಿ ಬಹುಮಂದಿ ಗುಜರಾತಿಗಳು. ಹಲವರು ಅಂಗಡಿ ಇಟ್ಟು ಬದುಕು ಕಟ್ಟಿಕೊಂಡರು. ಅಮೆರಿಕಾದ ಷಿಕಾಗೋ ನಗರದ ಡೆವನ್ ಅವೆನ್ಯೂದಲ್ಲಿ 1974ರಲ್ಲಿ ಪಟೇಲ್ ಬ್ರದರ್ಸ್ ಅಂಗಡಿ ಆರಂಭವಾಯಿತು. ಈ ಸಂಗತಿಯನ್ನು ಮರೆಯದಿರಿ: ಪರದೇಶದಲ್ಲಿ ಕನ್ನಡಿಗರ, ತಮಿಳರ ಇಡ್ಲಿಗೆ ಉದ್ದಿನ ಬೇಳೆ ಒದಗಿಸಿದವರು ಬಹಳ ಕಡೆ ಗುಜರಾತಿ ವರ್ತಕರು. ಊರಿನಲ್ಲಿ ಬೇರೆ ಬೇರೆಯಾಗಿದ್ದವರು ಅಲ್ಲಿ ಒಂದೇ ಅಂಗಡಿಯ ಸಾಲಿನಲ್ಲಿ ನಿಂತರು.

ಚಳಿಯೊಡನೆ ಹೋರಾಟ

ಧಾನ್ಯ ಸಿಕ್ಕಿತು. ಇನ್ನು ರುಬ್ಬಬೇಕು, ಹುದುಗು ಬರಿಸಬೇಕು.

ಒರಳುಕಲ್ಲನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಅಲ್ಲಿಯ ಬ್ಲೆಂಡರುಗಳು ಹಣ್ಣಿನ ರಸಕ್ಕೆ ಹೇಳಿಸಿದವು. ನೆನೆದ ಉದ್ದು ಹಾಕಿದರೆ ಬಿಸಿಯಾಗಿ ನಿಂತುಬಿಡುತ್ತಿದ್ದವು. 1960ರ ದಶಕದಲ್ಲಿ ಭಾರತದಲ್ಲೇ ತಯಾರಾದ ಸುಮೀತ್ ಮಿಕ್ಸಿ ನಮ್ಮ ಅಡುಗೆಯ ಗಟ್ಟಿ ಪದಾರ್ಥಗಳಿಗೆಂದೇ ರೂಪುಗೊಂಡಿತ್ತು. ಅದರ 110 ವೋಲ್ಟಿನ ಮಾದರಿ ಅಮೆರಿಕಾದ ಅಡುಗೆಮನೆಗಳನ್ನು ಸೇರಿತು. ಕೊಯಮತ್ತೂರಿನಲ್ಲಿ 1955ರಲ್ಲಿ ಪಿ. ಸಭಾಪತಿ ಎಂಬವರು ವಿದ್ಯುತ್ತಿನಿಂದ ತಿರುಗುವ ಒರಳುಕಲ್ಲನ್ನು ಮಾಡಿದ್ದರು. ಅದು ವರ್ಷಗಳು ಕಳೆದಂತೆ ಚಿಕ್ಕದಾಗಿ, ಮೇಜಿನ ಮೇಲೆ ಕೂರುವಂತಾಗಿ, ಕೊನೆಗೆ ಕಡಲನ್ನೂ ದಾಟಿತು. ಕಲ್ಲಿನಲ್ಲಿ ನಿಧಾನವಾಗಿ ಅರೆದ ಉದ್ದು ಹೆಚ್ಚು ಕಾಯದೆ, ಗಾಳಿ ತುಂಬಿಕೊಂಡು ನೊರೆಯಂತಾಗುತ್ತದೆ. ಒಂದು ಹನಿಯನ್ನು ನೀರಿಗೆ ಬಿಟ್ಟಾಗ ತೇಲಿದರೆ ಹದ ಸರಿಯಾಗಿದೆ ಎಂದು ಅರ್ಥ.

ಈಗ ಮೂರನೆಯ ಸಂಗತಿ, ಶಾಖ. ಹಿಟ್ಟು ಉಬ್ಬುವುದು ಸೂಕ್ಷ್ಮಜೀವಿಗಳ ಕೆಲಸ. ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ಮುಖ್ಯವೆಂದು 1965ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇದನ್ನು ಹೊರಗಿನಿಂದ ತಂದು ಹಾಕಬೇಕಾಗಿಲ್ಲ. ಅದು ಕಾಳಿನ ಜೊತೆಯಲ್ಲೇ ಬಂದಿರುತ್ತದೆ. ಅದು ಬಿಡುವ ಅನಿಲ ಹಿಟ್ಟಿನೊಳಗೆ ಸೇರಿ ಹಿಟ್ಟನ್ನು ಎತ್ತುತ್ತದೆ. ಆ ಅನಿಲವನ್ನು ಹೊರಗೆ ಹೋಗಗೊಡದೆ ಹಿಡಿದಿಡುವುದು ಉದ್ದಿನಲ್ಲಿರುವ ಲೋಳೆ ಮತ್ತು ಪ್ರೋಟೀನು. ಈ ಗುಟ್ಟನ್ನು 1970ರ ದಶಕದಲ್ಲಿ ಬಿಡಿಸಿ ಹೇಳಿದವರು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು. ಆದ್ದರಿಂದಲೇ ಉದ್ದಿಗೆ ಬೇರೆ ಬೇಳೆ ಬದಲಿಯಾಗಲಾರದು.

ಈ ಸೂಕ್ಷ್ಮಜೀವಿಗಳಿಗೆ ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖ ಹಿತ. ಅಷ್ಟಿದ್ದರೆ ಒಂದು ರಾತ್ರಿ ಸಾಕು. ಅಡುಗೆಮನೆ 15–18 ಡಿಗ್ರಿಯಲ್ಲಿದ್ದರೆ ಅವು ಸಾಯುವುದಿಲ್ಲ, ಮಂದವಾಗುತ್ತವೆ. ಇಲ್ಲಿ ನಮ್ಮವರ ಜಾಣತನ ಹೊರಬಂತು. ಇಂಗ್ಲೆಂಡಿನ ಮನೆಗಳಲ್ಲಿ ಬಿಸಿನೀರಿನ ಹಂಡೆಯನ್ನು ಒಂದು ಕಪಾಟಿನೊಳಗೆ ಕೂರಿಸಿ, ಅದೇ ಕಪಾಟಿನಲ್ಲಿ ಬಟ್ಟೆ ಆರಿಸುವ ರೂಢಿಯಿತ್ತು. ಹಿಟ್ಟಿನ ಪಾತ್ರೆ ಆ ಟವೆಲುಗಳ ನಡುವೆ ಹೋಗಿ ಕೂತಿತು. ಅಮೆರಿಕಾದ ಹಳೆಯ ಗ್ಯಾಸ್ ಓವನ್‌ಗಳಲ್ಲಿ ಸದಾ ಉರಿಯುವ ಒಂದು ಸಣ್ಣ ಜ್ವಾಲೆ ಇರುತ್ತಿತ್ತು; ಓವನ್ ಹಚ್ಚದಿದ್ದರೂ ಒಳಗೆ ಬೆಚ್ಚಗಿರುತ್ತಿತ್ತು. ಅದಿಲ್ಲದವರು ಓವನ್ನಿನ ದೀಪವೊಂದನ್ನೇ ಹಾಕಿಟ್ಟರು. ಕೆಲವರು ಕಂಬಳಿ ಸುತ್ತಿದರು, ಕೆಲವರು ಹಿಟ್ಟಿಗೆ ನಾಲ್ಕು ಮೆಂತ್ಯದ ಕಾಳು ಸೇರಿಸಿದರು.

ಇದು ಹೊಸ ವಿದ್ಯೆಯೆ? ಮಲೆನಾಡಿನವರನ್ನು, ಕೊಡಗಿನವರನ್ನು ಕೇಳಿ ನೋಡಿ. ಮಳೆಗಾಲದ ಥಂಡಿಯಲ್ಲಿ ಹಿಟ್ಟಿನ ಪಾತ್ರೆಯನ್ನು ಒಲೆಯ ಬದಿಯಲ್ಲೋ ಬಚ್ಚಲ ಹಂಡೆಯ ಹತ್ತಿರವೋ ಇಡುವ ರೂಢಿ ಅಲ್ಲಿಯೂ ಇತ್ತು. ಲಂಡನ್ನಿನ ಬಿಸಿನೀರಿನ ಕಪಾಟು ತೀರ್ಥಹಳ್ಳಿಯ ಬಚ್ಚಲೊಲೆಯ ತಮ್ಮ. ಉಷ್ಣಮಾಪಕ ನೋಡದೆಯೇ ಅಜ್ಜಿಯರಿಗೆ ಗೊತ್ತಿದ್ದುದು ಇದೇ ತತ್ತ್ವ. ತತ್ತ್ವ ಗೊತ್ತಿದ್ದವರು ಜಾಗ ಬದಲಾದರೂ ದಾರಿ ಕಂಡುಕೊಂಡರು.

ಕಾಗದದಲ್ಲಿ ಬಂದ ಅಡುಗೆ

ಹಾಗಾದರೆ ಗೊತ್ತಿಲ್ಲದವರ ಗತಿ? ಇದೇ ನಾಲ್ಕನೆಯ ಸಂಗತಿ, ತಿಳಿವಳಿಕೆ. ಊರಿನಲ್ಲಿ ಅಡುಗೆ ನೋಡಿ ಕಲಿಯುವ ವಿದ್ಯೆ. ಹೊರಗೆ ಹೋದ ಹುಡುಗರಿಗೆ ಅಡುಗೆಮನೆಯ ಪರಿಚಯವೇ ಇರಲಿಲ್ಲ. ಓದಿನಲ್ಲಿ ಮುಳುಗಿದ್ದ ಹುಡುಗಿಯರಲ್ಲಿ ಹಲವರಿಗೂ ಇರಲಿಲ್ಲ. 1950ರ ದಶಕದಲ್ಲಿ ನಾಟಕ ಕಲಿಯಲು ಲಂಡನ್ನಿಗೆ ಹೋದ ಮಧುರ್ ಜಾಫ್ರಿಯವರು ಅಡುಗೆ ಕಲಿತದ್ದು ದೆಹಲಿಯಿಂದ ತಾಯಿ ಏರ್‌ಮೇಲಿನಲ್ಲಿ ಬರೆಯುತ್ತಿದ್ದ ಕಾಗದಗಳಿಂದ. 1973ರಲ್ಲಿ ಅವರ ಮೊದಲ ಅಡುಗೆ ಪುಸ್ತಕ ಹೊರಬಂತು. ದಕ್ಷಿಣದಲ್ಲಿ 1951ರಲ್ಲಿಯೇ ಎಸ್. ಮೀನಾಕ್ಷಿ ಅಮ್ಮಾಳ್ ಅವರ ತಮಿಳು ಪಾಕಪುಸ್ತಕ ‘ಸಮೈತ್ತು ಪಾರ್’, ಅಂದರೆ ‘ಮಾಡಿ ನೋಡು’, ಪ್ರಕಟವಾಗಿತ್ತು. ಮದುವೆಯಾಗಿ ಪರದೇಶಕ್ಕೆ ಹೊರಟ ಎಷ್ಟೋ ಹೆಣ್ಣುಮಕ್ಕಳ ಪೆಟ್ಟಿಗೆಯಲ್ಲಿ ಅದು ಇರುತ್ತಿತ್ತು.

ಕಾಗದ ಬರೆಯಲು ಕೂತಾಗಲೇ ಅಮ್ಮಂದಿರಿಗೆ ತಮ್ಮ ವಿದ್ಯೆಯ ಅಳತೆ ಹೇಳಬೇಕಾಗಿ ಬಂದದ್ದು. ‘ಒಂದು ಹಿಡಿ’, ‘ಸ್ವಲ್ಪ ಹುಳಿ ಬರುವವರೆಗೆ’ ಎಂಬ ಮಾತುಗಳು ಕಡಲಾಚೆ ಅರ್ಥ ಕಳೆದುಕೊಂಡವು. ‘ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ನಾಲ್ಕೈದು ಗಂಟೆ ನೆನೆಸು, ಉದ್ದನ್ನು ನುಣ್ಣಗೆ, ಅಕ್ಕಿಯನ್ನು ಸಣ್ಣ ತರಿಯಾಗಿ ಬೇರೆ ಬೇರೆ ರುಬ್ಬು, ಕೈಯಿಂದಲೇ ಕಲಸು’ ಎಂದು ಬರೆಯಬೇಕಾಯಿತು. ವಲಸೆಯ ಒಂದು ಫಲವೆಂದರೆ, ಬಾಯಿಮಾತಿನಲ್ಲಿದ್ದ ವಿದ್ಯೆ ಬರಹಕ್ಕೆ ಇಳಿದದ್ದು.

ಕಾಗದದಷ್ಟೇ ನೆರವಾದದ್ದು ಸಮುದಾಯದ ಅಡುಗೆಮನೆ. 1977ರಲ್ಲಿ ನ್ಯೂಯಾರ್ಕಿನ ಫ್ಲಷಿಂಗ್‌ನಲ್ಲಿ ಗಣಪತಿ ದೇವಸ್ಥಾನ ಪ್ರತಿಷ್ಠೆಯಾಯಿತು. ಮುಂದೆ ಆ ದೇವಸ್ಥಾನದ ಕ್ಯಾಂಟೀನು ದೋಸೆ ಇಡ್ಲಿಗಳಿಗೆ ಹೆಸರಾಗಿ, ಪೂಜೆಗೆ ಬರದವರೂ ತಿಂಡಿಗೆ ಬರುವಂತಾಯಿತು. ಊರೂರುಗಳ ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವಗಳಿಗೆ ಸೇರಿದಾಗ ಮನೆಮನೆಯಿಂದ ಒಂದೊಂದು ಪಾತ್ರೆ ಬಂತು. ಒಬ್ಬರ ಅವಲಕ್ಕಿ, ಇನ್ನೊಬ್ಬರ ಅಕ್ಕಿ ರೊಟ್ಟಿ, ಮತ್ತೊಬ್ಬರ ಚಟ್ನಿ ಒಂದೇ ಮೇಜಿನ ಮೇಲೆ ಕೂಡಿದವು. ಊರಿನಲ್ಲಿ ಜಾತಿಗೆ, ಜಿಲ್ಲೆಗೆ ಒಂದೊಂದು ಬಗೆಯಿದ್ದ ತಿಂಡಿಗಳು ಅಲ್ಲಿ ಒಟ್ಟಾಗಿ ‘ಕನ್ನಡದ ತಿಂಡಿ’ ಎನಿಸಿಕೊಂಡವು.

ಪೊಟ್ಟಣದ ಕಾಲ

1975ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದ ಮೇಲೆ ಹೋಟೆಲು ತಿಂಡಿಗಳ ಬೆಲೆಗೆ ಸರ್ಕಾರ ಮಿತಿ ಹಾಕಿತು. ಆ ಬೆಲೆಯಲ್ಲಿ ತಿಂಡಿ ಮಾರಿ ಉಳಿಯುವುದು ಕಷ್ಟವಾದಾಗ ಎಂ.ಟಿ.ಆರ್. ಸಂಸ್ಥೆಯು ರವೆ ಇಡ್ಲಿ ಮುಂತಾದವುಗಳ ಸಿದ್ಧ ಮಿಶ್ರಣವನ್ನು ಪೊಟ್ಟಣ ಕಟ್ಟಿ ಮಾರುವ ದಾರಿ ಹಿಡಿಯಿತು. ರಾಜಕೀಯದ ಒಂದು ಆಜ್ಞೆಯಿಂದ ಹುಟ್ಟಿದ ಆ ಪೊಟ್ಟಣಗಳು ಮುಂದೆ ದೇಶವಿದೇಶಗಳ ಅಂಗಡಿಗಳನ್ನು ತಲುಪಿದವು. 2007ರಲ್ಲಿ ಆ ಪೊಟ್ಟಣಗಳ ಉದ್ಯಮವನ್ನು ನಾರ್ವೆಯ ಓರ್ಕ್ಲಾ ಕಂಪನಿ ಕೊಂಡುಕೊಂಡಿತು. 2000ರ ದಶಕದಿಂದ ಈಚೆಗೆ ರುಬ್ಬಿ, ಹುದುಗು ಬರಿಸಿದ ಹಿಟ್ಟೇ ತಂಪುಪೆಟ್ಟಿಗೆಯಲ್ಲಿ ಸಿಗುತ್ತಿದೆ. ಬೆಂಗಳೂರಿನಲ್ಲೂ ಸಿಗುತ್ತದೆ, ದುಬೈಯಲ್ಲೂ ಸಿಗುತ್ತದೆ. ಒಂದು ಕಾಲದಲ್ಲಿ ವಾರವೆಲ್ಲ ಯೋಚಿಸಿ ಮಾಡಬೇಕಾಗಿದ್ದ ತಿಂಡಿ ಈಗ ಹತ್ತು ನಿಮಿಷದ ಕೆಲಸ.

ಇದನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಎರಡೂ ಹೊತ್ತು ದುಡಿದು ಬರುವ ಹೆಂಗಸಿಗೆ, ಹಾಸ್ಟೆಲಿನ ಹುಡುಗನಿಗೆ ಪೊಟ್ಟಣ ಉಪಕಾರ ಮಾಡಿದೆ. ‘ಅಮ್ಮನ ಕೈರುಚಿ’ ಎಂದು ನಾವು ಹಾಡಿ ಹೊಗಳುವುದರ ಹಿಂದೆ ದಿನವೂ ಒರಳಿನ ಮುಂದೆ ಕೂತ ಒಬ್ಬ ಹೆಂಗಸಿನ ಭುಜದ ನೋವು ಇತ್ತೆಂಬುದನ್ನು ಚರಿತ್ರೆಯ ವಿದ್ಯಾರ್ಥಿ ಮರೆಯಬಾರದು. ಯಂತ್ರವೂ ಪೊಟ್ಟಣವೂ ಆ ನೋವನ್ನು ಕಡಿಮೆ ಮಾಡಿವೆ.

ಆದರೂ ಪೊಟ್ಟಣಕ್ಕೆ ಒಂದು ಮಿತಿ ಇದೆ. ಅದು ತಿಂಡಿಯನ್ನು ಕೊಡುತ್ತದೆ, ತತ್ತ್ವವನ್ನು ಕೊಡುವುದಿಲ್ಲ. ದೂರದ ದೇಶದ ತಿಂಡಿಯ ಸರಪಣಿ ಎಷ್ಟು ತೆಳುವೆಂಬುದಕ್ಕೆ ಈಚಿನ ಉದಾಹರಣೆಗಳಿವೆ. ನಿಂಬೆ ಕಿತ್ತಳೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟವೊಂದು ಕರಿಬೇವಿನ ಮೇಲೂ ಬದುಕುವುದರಿಂದ ಅಮೆರಿಕಾ ಹಸಿ ಕರಿಬೇವನ್ನು ಒಳಗೆ ತರಲು ಬಿಡುವುದಿಲ್ಲ. ಹೀಗಾಗಿ ಅಲ್ಲಿ ಎಷ್ಟೋ ಮನೆಗಳ ಕಿಟಕಿಯ ಬಳಿ ಕುಂಡದಲ್ಲಿ ಒಂದು ಕರಿಬೇವಿನ ಗಿಡ ಬೆಳೆಯುತ್ತಿದೆ. 2023ರ ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿದಾಗ ಅಮೆರಿಕಾದ ಭಾರತೀಯ ಅಂಗಡಿಗಳ ಮುಂದೆ ಜನ ಅಕ್ಕಿಯ ಚೀಲಗಳಿಗಾಗಿ ಸಾಲು ನಿಂತರು. 2024ರ ಸೆಪ್ಟೆಂಬರಿನಲ್ಲಿ ಆ ನಿಷೇಧ ತೆರವಾಯಿತು. 1942ರಲ್ಲಿ ಬರ್ಮಾದ ಅಕ್ಕಿ ನಿಂತಾಗ ಆದದ್ದರ ನೆರಳು ಇದರಲ್ಲಿ ಕಾಣುವುದಿಲ್ಲವೆ? ಸರಪಣಿ ಕಡಿದಾಗ ಕೈ ಹಿಡಿಯುವುದು ಪೊಟ್ಟಣವಲ್ಲ, ರವೆಯಲ್ಲೂ ಇಡ್ಲಿ ಆದೀತೆಂದು ಯೋಚಿಸಬಲ್ಲ ತಲೆ.

ವಿದ್ಯಾರ್ಥಿ ಮಿತ್ರರೆ, ಈ ಚರಿತ್ರೆಯಿಂದ ನಾವು ತಿಳಿಯಬೇಕಾದುದು ಒಂದೇ ಮಾತು. ಸಂಪ್ರದಾಯ ಎಂದರೆ ಸಾಮಾನುಗಳ ಪಟ್ಟಿಯಲ್ಲ. ಸಾಮಾನು ಬದಲಾಗಿದೆ, ಪಾತ್ರೆ ಬದಲಾಗಿದೆ, ಒಲೆ ಬದಲಾಗಿದೆ, ಇಡ್ಡಲಿಗೆ ಇಡ್ಲಿಯಾಗಿದೆ. ತಲೆಮಾರಿನಿಂದ ತಲೆಮಾರಿಗೆ ದಾಟಿದ್ದು ‘ಏಕೆ ಹೀಗೆ’ ಎಂಬ ತಿಳಿವಳಿಕೆ. ಅದು ದಾಟದೆ ಹೋದರೆ ಊರಿನಲ್ಲಿಯೇ ನಾವು ಪರದೇಶಿಗಳಾಗುತ್ತೇವೆ.

ನಿಮ್ಮಲ್ಲಿ ಕೆಲವರು ನಾಳೆ ಓದಿಗೋ ಕೆಲಸಕ್ಕೋ ದೂರ ಹೋಗುವಿರಿ. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಮನೆಯಲ್ಲಿ ತಿಂಡಿ ಮಾಡುವವರ ಜೊತೆ ಒಂದು ಸಂಜೆ ಕೂತು, ಅವರು ಹಾಕುವ ಹಿಡಿಯನ್ನು ಲೋಟದಲ್ಲಿ ಅಳೆದು ನೋಡಿ. ನೆನೆಸುವ ಹೊತ್ತು, ರುಬ್ಬುವ ಹದ, ಬೇಸಿಗೆಗೂ ಚಳಿಗಾಲಕ್ಕೂ ಅವರು ಮಾಡುವ ವ್ಯತ್ಯಾಸ ಇವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಪ್ರತಿಯೊಂದಕ್ಕೂ ‘ಏಕೆ’ ಎಂದು ಕೇಳಿ. ಗಂಡುಮಕ್ಕಳೂ ಕೇಳಬೇಕು, ಕೇಳಿದ ಮೇಲೆ ಒಂದು ಸಲ ತಾವೇ ರುಬ್ಬಬೇಕು. ಆ ನೋಟುಪುಸ್ತಕಕ್ಕೆ ಪೆಟ್ಟಿಗೆಯಲ್ಲಿ ಹೆಚ್ಚು ಜಾಗ ಬೇಕಾಗುವುದಿಲ್ಲ.